ಹೊಸ್ತಿಲಲ್ಲಿ ನಿಂತ ಅಜ್ಟೆಕ್

ಬ್ಯಾಲಿನ್‌ಕೊಲಿಗ್,
೧೨ ಜನವರಿ ೨೦೨೫

ಅನಂತಕೃಷ್ಣ ಎಂಬ ಮಾಜಿ ಗೆಳೆಯನಿಗೆ,

ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ: ಕಳೆದ ಭಾನುವಾರ ಮಧ್ಯಾಹ್ನ, ಊರಾಚೆಯ ಬೇಲಿಯ ಬಳಿ, ಸ್ವಸ್ಥ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ, ನಾನು ಒಂದು ಕುದುರೆಯ ಬಾಲ ಕತ್ತರಿಸಿದ್ದೇನೆ. ಪೂರ್ತಿ ಬಾಲವಲ್ಲ, ಒಂದು ಹಿಡಿ ಕೂದಲು. ಪೂರ್ತಿ ಕುದುರೆಯೂ ಅಲ್ಲ, ಡೋನಲ್ ಅನ್ನುವ ರೈತನ ಗಿಡ್ಡ ಪೋನಿ. ಆಯುಧ, ನನ್ನ ಧರ್ಮಪತ್ನಿ ಶಕುಂತಲಾ ಕೊತ್ತಂಬರಿ ಕತ್ತರಿಸುವ ಕತ್ತರಿ. ಉದ್ದೇಶ, ಚೆಂಗಿಸ್ ಖಾನನ ಧ್ವಜ. ಅವನ ಧ್ವಜ ಬಟ್ಟೆಯದಲ್ಲ ಕಣೋ, ಕುದುರೆ ಕೂದಲಿನ ಗೊಂಡೆಗಳದ್ದು. ಬಾಲ ಬಿಚ್ಚಿದವರ ಬಾಲ ಕತ್ತರಿಸುವುದು ಲೋಕರೂಢಿ. ಸುಮ್ಮನೆ ಮೇಯುತ್ತಿದ್ದ ಪ್ರಾಣಿಯ ಬಾಲಕ್ಕೆ ಕೈ ಹಾಕಿದ ಮೊದಲ ಡಾಕ್ಟರು ನಾನೇ ಇರಬೇಕು. ಅಂದಿನಿಂದ ಆ ಪೋನಿ ನನ್ನನ್ನು ಕಂಡರೆ ತಿರುಗಿ ಹಿಂಭಾಗವನ್ನು ಗೋಡೆಗೆ ಒತ್ತಿ ನಿಲ್ಲುತ್ತದೆ. ಅನುಮಾನಿಸುವ ಪ್ರಾಣಿಯನ್ನು ಕಂಡರೆ ನನಗೆ ಗೌರವ. ನಾನೂ ಅದೇ ಜಾತಿ.

ನನ್ನ ಅಪರಾಧ ಮುಗಿಯಿತು. ಈಗ ನಿನ್ನದು.

ವಾಟ್ಸ್ಯಾಪ್ ಬಿಟ್ಟು ಕಾಗದಕ್ಕೆ ಯಾಕೆ ಇಳಿದೆ ಅಂತೀಯಾ? ನಾನು ಕಳಿಸಿದ ಒಂದೊಂದು ಮೆಸೇಜಿಗೂ ಎರಡೆರಡು ನೀಲಿ ಗೀಟು ಬಿದ್ದಿವೆ, ಉತ್ತರ ಮಾತ್ರ ಇಲ್ಲ. ಡನ್‌ಡಾಕ್ ಅಂತ ಊರಿನ ಹೆಸರಲ್ಲೇ ಡಾಕ್ ಇಟ್ಟುಕೊಂಡು ಡಾಕ್ ಹಾಕದವನು ನೀನು. ಈ ಐರ್ಲೆಂಡಿನ ಅಂಚೆಯವರೂ ತಮ್ಮನ್ನು 'ಅನ್ ಪೋಸ್ಟ್' ಅಂತಲೇ ಕರೆದುಕೊಳ್ಳುತ್ತಾರೆ. ಆದರೂ ಖಾನನ ಕಾಲದಲ್ಲಿ ದಾರಿಯುದ್ದಕ್ಕೂ ಠಾಣೆಗಳಲ್ಲಿ ಕುದುರೆ ಬದಲಾಯಿಸುತ್ತ ಓಲೆ ಒಯ್ದ ಸವಾರರನ್ನು ನೆನೆದು ಹಸಿರು ವ್ಯಾನಿನವನ ಕೈಗೆ ಇದನ್ನು ಒಪ್ಪಿಸುತ್ತಿದ್ದೇನೆ.

ದೀಪಾವಳಿಯ ಸಂಜೆ ನಡೆದದ್ದು ನಿನಗೆ ಮರೆತಿರಲಿಕ್ಕಿಲ್ಲ. ನಮ್ಮ ಮನೆಯ ಹಾಲಿನ ತುಂಬ ಕನ್ನಡ ಕೂಟದ ಮಕ್ಕಳು. ನಾನು ಮೊಂಗೋಲರ ಕಟ್ಟಳೆ ಹೇಳುತ್ತಿದ್ದೆ: ಖಾನನ ಡೇರೆಯ ಹೊಸ್ತಿಲು ತುಳಿದವನ ತಲೆ ಹೋಗುತ್ತದೆ. ನಮ್ಮಜ್ಜಿಯೂ ಹೊಸ್ತಿಲ ಮೇಲೆ ಕೂತರೆ ಬೆನ್ನಿಗೆ ಗುದ್ದುತ್ತಿದ್ದರು, ಆದರೆ ತಲೆಗೆ ಕೈ ಹಾಕುತ್ತಿರಲಿಲ್ಲ. ಅಷ್ಟರಲ್ಲಿ ಬೆಲ್ಲಾಯಿತು. ಶಕುಂತಲಾ ಬಾಗಿಲು ತೆರೆದಳು. ನೀನು. ಅತ್ತ ಡನ್‌ಡಾಕ್‌ನಿಂದ ಐರ್ಲೆಂಡನ್ನು ಉದ್ದಕ್ಕೂ ಸೀಳಿಕೊಂಡು ಬಂದ ನೀನು, ನಮ್ಮ ಬಾಗಿಲಲ್ಲಿ ನಿಂತೆ. ಸೋಫಾದಿಂದಲೇ ನಾನು ಕೂಗಿದೆ, "ಹುಷಾರ್ ಅನಂತೂ, ತುಳಿದ್ಯೋ ತಲೆ ಹೋಯ್ತು!" ಮಕ್ಕಳೆಲ್ಲ ಈ ಕಾರ್ಕ್ ಸೀಮೆಯ ರಾಗದಲ್ಲಿ ತಲೆ ಕಡಿಯಿರಿ ಅಂತ ಕಿರುಚಿದವು. ನೀನು ನಗಲಿಲ್ಲ. ಹೊಸ್ತಿಲನ್ನೇ ದಿಟ್ಟಿಸಿ ನಿಂತೆ. ಆಮೇಲೆ ಕೈಲಿದ್ದ ಚಾಕೊಲೇಟ್ ಡಬ್ಬಿಯನ್ನು ಹೊಸ್ತಿಲಾಚೆಯಿಂದಲೇ ಶಕುಂತಲಾ ಕೈಗೆ ತುರುಕಿ, "ಅರ್ಪಿತಾಗೆ ತಲೆನೋವು, ಕಾರಲ್ಲಿದ್ದಾಳೆ" ಅಂತ ಹೆಂಡತಿಯ ನೆಪ ಗೊಣಗಿ ಹೊರಟೇಬಿಟ್ಟೆ.

ಹೊಸ್ತಿಲಾಚೆಯಿಂದ ಕೊಡುವುದು! ನಮ್ಮಲ್ಲೂ ಸಲ್ಲದು, ಮೊಂಗೋಲರಲ್ಲೂ ಸಲ್ಲದು. ಒಮ್ಮೆ ಯುರೋಪಿನ ಪಾದ್ರಿಯೊಬ್ಬನ ಜೊತೆಗಾರ ಖಾನನ ಡೇರೆಯಿಂದ ಹೊರಗೆ ಬರುವಾಗ ಹೊಸ್ತಿಲು ಎಡವಿದ. ಹಿಡಿದು ವಿಚಾರಣೆ ಮಾಡಿದರು. ಕಟ್ಟಳೆ ಗೊತ್ತಿರಲಿಲ್ಲ ಅಂದದ್ದಕ್ಕೆ ತಲೆ ಉಳಿಯಿತು. ಆದರೆ ಮತ್ತೆಂದೂ ಒಳಗೆ ಬಿಡಲಿಲ್ಲ. ನಿನಗಂತೂ ಕಟ್ಟಳೆ ಗೊತ್ತಿತ್ತು.

ಯಾಕೆ ಒಳಗೆ ಬರಲಿಲ್ಲ? ನನ್ನ ಅನ್ನ ಹಳಸಿತೋ, ನಾನೇ ಹಳಸಿದೆನೋ? ಸುಳ್ಳು ಹೇಳಿ ದಕ್ಕಿಸಿಕೊಳ್ಳಬೇಡ. ನಾನು ಮುದುಕರ ವಾರ್ಡಿನ ಡಾಕ್ಟರು. ಕಾರಿಡಾರಿನ ಆ ತುದಿಯಿಂದ ಒಬ್ಬ ನಡೆದು ಬಂದರೆ, ಈ ತುದಿಯಲ್ಲಿ ಕೂತು ಅವನ ಕಾಯಿಲೆ ಹೇಳುತ್ತೇನೆ. ಸ್ಕ್ಯಾನ್ ಬರುವುದು ಆಮೇಲೆ, ನನಗೆ ಶಹಭಾಸ್ ಅನ್ನುವುದಕ್ಕೆ. ಮನುಷ್ಯನ ಹೆಜ್ಜೆ ನನ್ನ ಮುಂದೆ ಬಾಯಿಬಿಡುತ್ತದೆ. ನಿನ್ನ ಹೆಜ್ಜೆ ಅವತ್ತು ಹೇಳಿದ್ದು ಒಂದೇ ಮಾತು: ಕೊಬ್ಬು.

ಏಪ್ರಿಲ್ ಐದಕ್ಕೆ ಕೂಟದ ಯುಗಾದಿ. ಮಕ್ಕಳ ಮುಂದೆ ಎರಡು ಸಾಮ್ರಾಜ್ಯಗಳ ವಾದ. ಮೊಂಗೋಲರ ಪರ ನಾನು, ಅಜ್ಟೆಕರ ಪರ ನೀನು, ತೀರ್ಪು ಮಕ್ಕಳದು. ಬರುತ್ತೀಯೋ, ಅಲ್ಲೂ ಬಾಗಿಲಿಗೇ ಬಂದು ಹೋಗುತ್ತೀಯೋ?

ಕತ್ತರಿ ಹಿಡಿದು ಕಾಯುತ್ತಿರುವ,
ಭಾಸ್ಕರ


ಡನ್‌ಡಾಕ್,
೨೬ ಜನವರಿ ೨೦೨೫

ಭಾಸ್ಕರ,

ನಿನ್ನ ಕಾಗದ ತಲುಪಿತು. ಅರ್ಪಿತಾ ಪೋನಿಯ ಭಾಗ ಓದಿ ನಕ್ಕಳು. ಉಳಿದ ಭಾಗ ಅವಳಿಗೆ ಓದಲು ಕೊಡಲಿಲ್ಲ.

ವಾದದ ವಿಷಯ ಮೊದಲು. ಬರುತ್ತೇನೆ ಅಂತ ಕಮಿಟಿಗೆ ಹೇಳಿದ್ದೇನೆ. ಸಿದ್ಧತೆಯೂ ನಡೆದಿದೆ. ನಿನ್ನ ಖಾನ ಗೆದ್ದ ನೆಲವನ್ನೆಲ್ಲ ಒಟ್ಟುಮಾಡಿ ಒಂದು ಪಾತ್ರೆ ಸಾರು ಮಾಡಿ ತೋರಿಸು ನೋಡೋಣ. ಟೊಮ್ಯಾಟೊ ನನ್ನವರದು, ಮೆಣಸಿನಕಾಯಿ ನನ್ನವರದು. ಎರಡನ್ನೂ ತೆಗೆದರೆ ನಿನ್ನ ತಟ್ಟೆಯಲ್ಲಿ ಉಳಿಯುವುದು ಬೇಳೆಕಟ್ಟು. ಕೆರೆಯ ನಡುವೆ ಊರು ಕಟ್ಟಿ, ಜೌಗಿನಲ್ಲಿ ಕೆಸರು ಪೇರಿಸಿ ಅದರ ಮೇಲೆ ಬೆಳೆ ತೆಗೆದ ಜನ. ತಂಟೆ ಮಾಡುವ ಮಕ್ಕಳ ಮೂಗಿಗೆ ಒಣಮೆಣಸಿನಕಾಯಿ ಹೊಗೆ ಹಾಕುತ್ತಿದ್ದರಂತೆ. ಇಲ್ಲಿನ ಕನ್ನಡದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ದಿನಾ ಒಗ್ಗರಣೆಗೆ ಸ್ಮೋಕ್ ಅಲಾರಂ ಹೊಡೆಯುವುದನ್ನು ಕೇಳಿಯೇ ಬೆಳೆದವು.

ಇನ್ನು ನಿನ್ನ ಪ್ರಶ್ನೆ. ಭಾಸ್ಕರ, ನೀನು ಅವತ್ತು ನನ್ನ ಕಾಲನ್ನೇ ನೋಡುತ್ತಿದ್ದೆ. ಏನು ನೋಡಿದೆ ಅಂತ ನಿನಗೆ ಗೊತ್ತು. ಗೊತ್ತಿದ್ದೂ ಕೇಳುತ್ತಿದ್ದೀಯ. ನಿನ್ನ ಹಾಸ್ಯ ಯಾವತ್ತೂ ಹೀಗೆಯೇ, ಒಂದು ಕೈಯಲ್ಲಿ ಕಚಗುಳಿ, ಇನ್ನೊಂದರಲ್ಲಿ ಕತ್ತರಿ.

ಅಜ್ಟೆಕರಲ್ಲಿ ಒಂದು ಬಗೆಯ ವ್ಯಾಪಾರಿಗಳಿದ್ದರು. ಪರದೇಶದ ವೇಷ ಹಾಕಿ, ಅಲ್ಲಿನ ಮಾತು ಕಲಿತು, ಸಂತೆಯಲ್ಲಿ ಸರಕು ಹರವಿಕೊಂಡು ಕೂರುತ್ತಿದ್ದರು. ಬಂದದ್ದು ಮಾರಲಿಕ್ಕಲ್ಲ, ನೋಡಿಕೊಂಡು ಹೋಗಿ ದೊರೆಗೆ ಒಪ್ಪಿಸಲಿಕ್ಕೆ. ನಿನ್ನ ತಮಾಷೆಯ ಕಾಗದ ಓದುವಾಗ ಅವರ ನೆನಪಾಯಿತು.

ಒಂದೇ ಮಾತು ಕೇಳುತ್ತೇನೆ. ನೀನು ನೋಡಿದ್ದನ್ನು ಯಾರ್ಯಾರಿಗೆ ಹೇಳಿದ್ದೀಯ?

ಉತ್ತರ ಬೇಕಾಗಿರುವ,
ಅನಂತಕೃಷ್ಣ


ಬ್ಯಾಲಿನ್‌ಕೊಲಿಗ್,
೯ ಫೆಬ್ರವರಿ ೨೦೨೫

ಅನಂತಕೃಷ್ಣ ಮಹಾಶಯರಿಗೆ,

ಯಾರ್ಯಾರಿಗೆ ಹೇಳಿದ್ದೀಯ! ತಪ್ಪು ಮಾಡದವನ ಬಾಯಲ್ಲಿ ಈ ಪ್ರಶ್ನೆ ಹುಟ್ಟುವುದಿಲ್ಲಯ್ಯ. ಹೇಳಿದ್ದೇನೆ, ಧಾರಾಳವಾಗಿ ಹೇಳಿದ್ದೇನೆ. ಕೂಟದವರಲ್ಲಿ ಕೇಳಿದವರಿಗೆಲ್ಲ ಹೇಳಿದ್ದೇನೆ: ಅನಂತು ನಮ್ಮ ಮನೆಯ ಒಳಗೆ ಕಾಲಿಡಲಿಲ್ಲ.

ನಿನ್ನ ಮೇಲೆ ನನಗೆ ಈಗ ಒಂದಲ್ಲ, ಮೂರು ಅನುಮಾನ.

ನಿನ್ನ ಅಕ್ಷರ. ಪಿಯುಸಿಯಲ್ಲಿ ನೀನು ಬರೆದರೆ ಒಂದು ಸಾಲಿಗೆ ನಾಲ್ಕು ಪದ ಹಿಡಿಸುತ್ತಿರಲಿಲ್ಲ. ಮೊನ್ನೆಯ ಕಾಗದದಲ್ಲಿ ಮೊದಲ ಸಾಲು ಇಲಿ, ಕೊನೆಯ ಸಾಲು ಇರುವೆ. 'ಒಂದೇ ಮಾತು ಕೇಳುತ್ತೇನೆ' ಅನ್ನುವುದನ್ನು ಮಗಳು ಅದಿತಿಯ ಭೂತಗನ್ನಡಿ ಹಿಡಿದು ಓದಿದೆ. ಇದು ಕಾಗದದ ಉಳಿತಾಯವೋ, ಗೂಢಚಾರ ಲಿಪಿಯೋ?

ಮತ್ತೆ ನಿನ್ನ ಮುಖ. ಕಳೆದ ಸೋಮವಾರ ಸೇಂಟ್ ಬ್ರಿಜಿಡ್ ಹಬ್ಬದ ರಜೆಯಂದು ನಡುದಾರಿಯ ಪೋರ್ಟ್‌ಲೀಷ್‌ನಲ್ಲಿ ಕಮಿಟಿ ಸೇರಿದಾಗ ನೀನು ಆಗಲೇ ಬಂದು ಮೂಲೆ ಹಿಡಿದು ಕೂತಿದ್ದೆ, ಕಡೆಯವರೆಗೂ ಏಳಲಿಲ್ಲ. ನಾನು ನಿನ್ನವರನ್ನು 'ಚಕ್ರವನ್ನು ಆಟಿಕೆಗೆ ಮಾತ್ರ ಹಾಕಿ, ಗಾಡಿಗೆ ಹಾಕಲು ಮರೆತ ಅಜ್ಜಿ-ಟೆಕ್ಕರು' ಅಂದೆ. ಖಜಾಂಚಿ ಕೂಡ ನಕ್ಕರು, ಅವರು ಬೋಂಡಕ್ಕೆ ದುಡ್ಡು ಕೊಡುವಾಗ ಬಿಟ್ಟರೆ ಯಾವತ್ತೂ ಬಾಯಿ ತೆರೆದವರಲ್ಲ. ನಿನ್ನ ಮುಖದ ಒಂದು ನರ ಅಲುಗಲಿಲ್ಲ. ಶ್ರವಣಬೆಳಗೊಳದ ಗೊಮ್ಮಟನಾದರೂ ತುಸು ನಗುತ್ತಾನೆ.

ಇನ್ನು ನಿನ್ನ ದನಿ. ಇಡೀ ಮೀಟಿಂಗು ಪಿಸಪಿಸ. ನೀನು ಅರ್ಪಿತಾ ಕಿವಿಯಲ್ಲಿ ಹೇಳುವುದು, ಅವಳು ಅದನ್ನು ನಮಗೆ ಹೇಳುವುದು. ರಾಯಭಾರಿಯ ಮೂಲಕ ಮಾತಾಡುವಷ್ಟು ದೊಡ್ಡ ದೊರೆ ಯಾವಾಗ ಆದೆ? ಇಬ್ಬರೂ ಸೇರಿ ಏನೋ ಹೂಡುತ್ತಿದ್ದೀರಿ.

ಶಕುಂತಲಾ ನಿನ್ನ ಕಡೆ. "ಒಬ್ಬ ಮನುಷ್ಯ ಬಾಗಿಲಲ್ಲಿ ನಿಂತರೆ ನಿಮಗೆ ಸಾಮ್ರಾಜ್ಯವೇ ಬಿದ್ದ ಹಾಗಾಗತ್ತೆ. ಫೋನ್ ಮಾಡಿ ಏನಾಯ್ತಪ್ಪ ಅಂತ ಕೇಳಿ" ಅಂದಳು. "ಕೇಳೋದು ಸೋತವರ ಕೆಲಸ" ಅಂದೆ. "ಮೊಂಗೋಲರು ಅಂತ ಸುಮ್ಮನೆ ಅಂತೀರಿ, ಬರೀ ಮಂಗ ಸಾಕು" ಅಂದಳು. ಅದಿತಿ ತಲೆ ಎತ್ತದೆ, "ಅಪ್ಪಾ, ದಟ್ಸ್ ಫೇರ್ಲಿ ಮೀನ್, ಲೈಕ್" ಅಂತ ನನ್ನದೇ ಸಣ್ಣತನ ಅನ್ನುವ ತೀರ್ಪು ಕೊಟ್ಟಳು. ನನ್ನ ಡೇರೆಯಲ್ಲೇ ನಿನ್ನ ಗೂಢಚಾರರು!

ತೆಮುಜಿನ್, ಜಮುಖ ಅಂತ ಇಬ್ಬರು ಹುಡುಗರ ಕಥೆ ನಿನಗೆ ನಾನೇ ಹೇಳಿದ್ದು. ಹಿಮಗಟ್ಟಿದ ಹೊಳೆಯ ಮೇಲೆ ಆಡುವಾಗ ಗೆಣ್ಣುಮೂಳೆ ಕೊಟ್ಟು ತೆಗೆದುಕೊಂಡು ಅಣ್ಣತಮ್ಮಂದಿರಾದರು. ಮುಂದೆ ಬಾಣ ಕೊಟ್ಟು ತೆಗೆದುಕೊಂಡರು. ಇನ್ನೂ ಮುಂದೆ ಒಬ್ಬ ಚೆಂಗಿಸ್ ಖಾನನಾದ, ಇನ್ನೊಬ್ಬ ಅವನ ಶತ್ರು. ಯಾವ ಘಳಿಗೆಯಲ್ಲಿ ಮುರಿಯಿತು ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಒಬ್ಬ ಏನೋ ಅಂದ, ಇನ್ನೊಬ್ಬನಿಗೆ ಅದು ಬೇರೆ ಥರ ಕೇಳಿಸಿತು, ಬೆಳಗಾಗುವುದರೊಳಗೆ ಗಾಡಿ ಕಟ್ಟಿಕೊಂಡು ದೂರ ಹೋದ.

ಮೈಸೂರಿನಲ್ಲಿ ಕ್ವಿಜ್ ಗೆದ್ದಾಗ ಬಹುಮಾನವಾಗಿ ಬಂದ ಜಗತ್ತಿನ ಇತಿಹಾಸದ ಎರಡು ಸಂಪುಟಗಳನ್ನು ಹಂಚಿಕೊಂಡೆವಲ್ಲ, ಏಷ್ಯಾ ನನಗೆ, ಅಮೆರಿಕ ನಿನಗೆ? ನಾನಿನ್ನೂ ಇಟ್ಟುಕೊಂಡಿದ್ದೇನೆ. ನಿನ್ನದನ್ನು ಅಟ್ಟಕ್ಕೆ ಎಸೆದಿರಬೇಕು.

ಇರಲಿ. ಒಂದು ಪರೀಕ್ಷೆ ಹೂಡಿದ್ದೇನೆ. ಏಪ್ರಿಲ್ ಐದಕ್ಕೆ ಯುಗಾದಿ ನಡೆಯುವ ಹಾಲಿನ ಬಾಗಿಲಿಗೇ ಮೊಂಗೋಲ್ ಡೇರೆಯ ಬಾಗಿಲು ಕಟ್ಟುತ್ತೇನೆ. ಡೋನಲ್ ಒಂದು ಮರದ ಹಲಗೆ ಕೊಟ್ಟಿದ್ದಾನೆ, ಬಾಲದ ವಿಷಯ ಅವನಿಗಿನ್ನೂ ಗೊತ್ತಿಲ್ಲ. ಅದೇ ಹೊಸ್ತಿಲು. ಅಜ್ಟೆಕ್ ದೊರೆ ಮಕ್ಕಳೆಲ್ಲರ ಕಣ್ಣೆದುರು, ತಮಟೆ ಬಡಿಯುತ್ತಿರುವಾಗ, ಅದನ್ನು ದಾಟಿ ಒಳಗೆ ಬರಬೇಕು. ಈ ಸಲ ಡಬ್ಬಿ ಕೊಟ್ಟು ಓಡುವುದಕ್ಕೆ ಆಗುವುದಿಲ್ಲ. ನಿನ್ನ ಹೆಜ್ಜೆಯನ್ನು ನಾನು ಮುಂದಿನ ಸಾಲಿನಲ್ಲೇ ಕೂತು ನೋಡುತ್ತೇನೆ.

ಭೂತಗನ್ನಡಿ ಕೈಯಲ್ಲಿ ಹಿಡಿದ,
ಭಾಸ್ಕರ ಖಾನ್


ಡನ್‌ಡಾಕ್,
೨ ಮಾರ್ಚ್ ೨೦೨೫

ಭಾಸ್ಕರ,

ಏಪ್ರಿಲ್ ಐದಕ್ಕೆ ನಾನು ಬರುವುದಿಲ್ಲ. ಕಮಿಟಿಗೂ ತಿಳಿಸುತ್ತೇನೆ. ಮಕ್ಕಳಿಗೆ ಅಜ್ಟೆಕರ ವಿಷಯ ಹೇಳಲು ಬೇರೆ ಯಾರನ್ನಾದರೂ ನೋಡಿಕೊಳ್ಳಿ. ಟಿಪ್ಪಣಿಗಳನ್ನು ಕಳಿಸಿಕೊಡುತ್ತೇನೆ.

ಇದನ್ನು ಅರ್ಪಿತಾ ಬರೆಯುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ. ಭೂತಗನ್ನಡಿ ಬೇಕಾಗುವುದಿಲ್ಲ.

ನಿನ್ನ ಪರೀಕ್ಷೆಯ ವಿಷಯ ಓದಿ ಹತ್ತಿರ ಹತ್ತಿರ ಮೂರು ವಾರ ಯೋಚಿಸಿದೆ. ಒಬ್ಬ ಡಾಕ್ಟರು ಹೀಗೆ ಮಾಡಬಹುದೇ? ನೀನು ಕಂಡುಹಿಡಿದದ್ದನ್ನು ನಾನೇ ನನ್ನ ಬಾಯಿಂದ ಹೇಳಿಬಿಡುತ್ತೇನೆ, ಆಗ ಆಟ ಮುಗಿಯುತ್ತದೆ. ಎರಡು ವರ್ಷದ ಹಿಂದೆಯೇ ಇಲ್ಲಿನ ನರರೋಗದ ಡಾಕ್ಟರು ನನಗೆ ಪಾರ್ಕಿನ್ಸನ್ಸ್ ಅಂತ ಹೇಳಿದರು. ಮಾತ್ರೆಯಿಂದ ಕೈ ನಡುಗುವುದು ಅಷ್ಟಾಗಿ ಕಾಣುವುದಿಲ್ಲ. ಕಾಲೇಜಿನಲ್ಲಿ ಇನ್ನೂ ಹೇಳಿಲ್ಲ. ಅರ್ಪಿತಾಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಪಾಠ ಮಾಡುವವನನ್ನು ರೋಗಿಯ ಹಾಗೆ ನೋಡಲು ಶುರು ಮಾಡಿದ ಮೇಲೆ ಯಾರೂ ಪಾಠ ಕೇಳುವುದಿಲ್ಲ.

ನಿನಗೆ ಹೇಳಬೇಕು ಅಂತಲೇ ದೀಪಾವಳಿಗೆ ಬಂದೆ. ದಾರಿಯುದ್ದಕ್ಕೂ ಹೇಗೆ ಹೇಳುವುದು ಅಂತ ಅರ್ಪಿತಾ ಜೊತೆ ಮಾತಾಡಿಕೊಂಡು ಬಂದೆ. ಬಾಗಿಲು ತೆರೆಯಿತು. ಕಾಲು ನಿಂತುಬಿಟ್ಟಿತು. ಮನಸ್ಸು ಒಳಗೆ ಬಂದು ನಿನ್ನ ಪಕ್ಕ ಸೋಫಾದಲ್ಲಿ ಕೂತಾಗಿತ್ತು. ಅಂಗಾಲಿಗೆ ಯಾರೋ ಗೋಂದು ಬಳಿದು ನೆಲಕ್ಕೆ ಒತ್ತಿದ ಹಾಗಿತ್ತು. ಹಾಗೆ ಆದದ್ದು ಅದೇ ಮೊದಲು. ನೀನು ನನ್ನ ಕಾಲನ್ನು ನೋಡಿದೆ. ಸದ್ಯ, ಭಾಸ್ಕರನಿಗೆ ಗೊತ್ತಾಯಿತು, ಎದ್ದು ಬರುತ್ತಾನೆ, ಕೈ ಹಿಡಿಯುತ್ತಾನೆ ಅಂದುಕೊಂಡೆ. ನೀನು ಮಕ್ಕಳಿಂದ ತಲೆ ಕಡಿಯಿರಿ ಅನ್ನಿಸಿದೆ.

ಕಾರಿಡಾರಿನ ಆ ತುದಿಯ ಮಾತನ್ನು ನೀನು ಎಲ್ಲರ ಮುಂದೆಯೂ ಹೇಳುತ್ತೀಯ. ಕೇಳಿದವರು ನಗುತ್ತಾರೆ. ನಂಬಿದವನು ನಾನೊಬ್ಬನೇ ಇರಬೇಕು. ಅದಕ್ಕೇ ನೋವಾದದ್ದು.

ಅಜ್ಟೆಕರು ತಮ್ಮ ದೊರೆಯನ್ನು ಕರೆಯುತ್ತಿದ್ದ ಹೆಸರಿನ ಅರ್ಥ 'ಮಾತಾಡುವವನು'. ನನ್ನ ದನಿ ಈಗ ಪಕ್ಕದ ಕುರ್ಚಿಯವರೆಗೆ ಹೋಗುತ್ತದೆ. ಅದನ್ನೂ ನೀನು ಕೇಳಿಸಿಕೊಂಡು, ಅದಕ್ಕೂ ನಂಬರು ಹಾಕಿ, ನನಗೇ ಬರೆದು ಕಳಿಸಿದೆ.

ಎರಡನೆಯ ಸಂಪುಟ ನನ್ನ ಮೇಜಿನ ಮೇಲೇ ಇದೆ. ಅಟ್ಟದಲ್ಲಿಲ್ಲ.

ಅನಂತಕೃಷ್ಣ

(ಭಾಸ್ಕರ ಅವರೇ, ಇಷ್ಟು ನನ್ನದು. ಅವತ್ತು ನನಗೆ ತಲೆನೋವಿರಲಿಲ್ಲ. ಅರ್ಪಿತಾ)


ಬ್ಯಾಲಿನ್‌ಕೊಲಿಗ್,
೭ ಮಾರ್ಚ್ ೨೦೨೫

ಅನಂತೂ,

ನಿನ್ನ ಕಾಗದವನ್ನು ಆಸ್ಪತ್ರೆಯ ಕಾರ್‌ಪಾರ್ಕಿನಲ್ಲಿ ಓದಿದೆ. ರೌಂಡ್ಸಿಗೆ ತಡವಾಗಿ ಹೋದೆ. ಮನೆಗೆ ಬಂದು ಶಕುಂತಲಾ ಕೈಗೆ ಕೊಟ್ಟೆ. ಓದಿ ಮುಗಿಸಿ ಮಡಚಿಟ್ಟು ಅಡುಗೆಮನೆಗೆ ಹೋದಳು. ಅವಳು ಬೈದಿದ್ದರೆ ಊಟ ಸೇರುತ್ತಿತ್ತು. ಬೇರೆ ಯಾರಿಗೂ ಹೇಳಿಲ್ಲ, ಅದಿತಿಗೂ. ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು.

ಆಮೇಲೆ ಫೋನ್ ಮಾಡೋಣ ಅಂತ ಮೂರು ಸಲ ತೆಗೆದೆ. ಆದರೆ ಫೋನಿನಲ್ಲಿ ನಾನು ಏನಾದರೊಂದು ತಮಾಷೆ ಮಾಡಿಬಿಡುತ್ತೇನೆ, ನನ್ನ ಬಾಯಿ ನನಗೆ ಗೊತ್ತು. ಕಾಗದದಲ್ಲಾದರೆ ಹೊಡೆದುಹಾಕಬಹುದು. ಮೇಲೆ ಹೊಡೆದುಹಾಕಿರುವ ಸಾಲುಗಳೆಲ್ಲ ಆ ತಮಾಷೆಗಳೇ.

ನೀನು ನನ್ನನ್ನು ಕ್ರೂರಿ ಅಂದುಕೊಂಡೆ. ಎಲ್ಲ ಗೊತ್ತಿದ್ದೂ ಆಡಿಕೊಂಡ ಅಂದುಕೊಂಡೆ. ಅನಂತೂ, ಆ ಪಟ್ಟ ನನಗೆ ದೊಡ್ಡದಾಯಿತು. ಅದಕ್ಕೆ ಒಂದಿಷ್ಟು ಜ್ಞಾನ ಬೇಕು. ನನಗೆ ಏನೂ ಗೊತ್ತಾಗಲಿಲ್ಲ. ಬಾಗಿಲಲ್ಲಿ ಹೆಪ್ಪುಗಟ್ಟಿದ ಕಾಲು, ಚಿಕ್ಕದಾಗುತ್ತ ಹೋದ ಅಕ್ಷರ, ಅಲುಗದ ಮುಖ, ಇಳಿದ ದನಿ. ಪಠ್ಯಪುಸ್ತಕ ತಾನೇ ಕಾರು ಹತ್ತಿ ಬಂದು ನನ್ನ ಬೆಲ್ಲು ಒತ್ತಿತ್ತು. ನಾನು ಅದಕ್ಕೆ ಖಾನನ ಕಟ್ಟಳೆ ಓದಿ ಹೇಳಿದೆ. ಒಂದೊಂದು ಲಕ್ಷಣವನ್ನೂ ನೋಡಿದೆ, ಒಂದೊಂದನ್ನೂ ನನಗೆ ಮಾಡಿದ ಅವಮಾನ ಅಂತ ಲೆಕ್ಕಕ್ಕೆ ಹಿಡಿದೆ. ನೀನು ನನ್ನ ಮನೆಗೆ ಬರಲಿಲ್ಲ ಅನ್ನುವ ಸಂಕಟದಲ್ಲಿ, ಬರಲಾಗಲಿಲ್ಲ ಅನ್ನುವುದು ಹೊಳೆಯಲೇ ಇಲ್ಲ.

ಆ ಪಾದ್ರಿಯ ಜೊತೆಗಾರನ ಕಥೆ ನಿನ್ನ ಮೇಲೆ ಬಿಟ್ಟೆನಲ್ಲ, ಅದು ನನ್ನದು. ಅವತ್ತು ಹೊಸ್ತಿಲು ತುಳಿದವನು ನಾನು, ಸೋಫಾದ ಮೇಲೆ ಕೂತೇ ತುಳಿದೆ. ಗೊತ್ತಿರಲಿಲ್ಲ ಅಂದವನನ್ನು ಖಾನ ಕ್ಷಮಿಸಿದ, ಆದರೆ ಮತ್ತೆ ಒಳಗೆ ಬಿಡಲಿಲ್ಲ. ನೀನು ಅವನ ತೀರ್ಪಿನಲ್ಲಿ ಮೊದಲ ಅರ್ಧ ಮಾತ್ರ ಪಾಲಿಸು.

ಡೋನಲ್‌ನ ಹಲಗೆಯನ್ನು ವಾಪಸ್ ಕೊಡಲು ಹೊರಟೆ. ಬೇಲಿಯವರೆಗೆ ಹೋದವನು ನಿಂತೆ. ನನ್ನ ವಾರ್ಡಿನಲ್ಲಿ ದಿನಾ ಮಾಡಿಸುವ ಕೆಲಸ ನೆನಪಾಯಿತು. ಬಾಗಿಲಲ್ಲಿ ಕಾಲು ಅಂಟಿಕೊಂಡವರ ಮುಂದೆ ನೆಲದ ಮೇಲೆ ಅಡ್ಡಕ್ಕೆ ಒಂದು ಟೇಪು ಅಂಟಿಸುತ್ತೇವೆ. 'ನಡೆಯಿರಿ' ಅಂದರೆ ಬಾರದ ಕಾಲು, 'ಈ ಗೆರೆ ದಾಟಿ' ಅಂದರೆ ಎಷ್ಟೋ ಸಲ ಬರುತ್ತದೆ. ಎಲ್ಲರಿಗೂ ಅಲ್ಲ. ಮೊದಲು ನಿನ್ನ ಫಿಸಿಯೋ ಮುಂದೆ ಮಾಡಿ ನೋಡು, ಎಡವುವ ಎತ್ತರದ್ದು ಬೇಡ, ಬರೀ ಗೆರೆ. ತುಳಿಯಬೇಡ, ದಾಟು. ಮೊಂಗೋಲರೂ ನಮ್ಮಜ್ಜಿಯೂ ಹೇಳಿದ್ದು ಇಷ್ಟೇ. ಇದನ್ನು ಕೇಳಿದ ಮೇಲೆ ಶಕುಂತಲಾ ಬಾಯಿಬಿಟ್ಟಳು: "ನಮ್ಮನೆ ಗೇಟಿಂದ ಬಾಗಿಲವರೆಗೂ ರಂಗೋಲಿ ಅಡ್ಡಗೆರೆ ಎಳೀತೀನಿ. ಮಳೆ ಬಂದು ಅಳಿಸಿದ್ರೆ ಮತ್ತೆ ಎಳೀತೀನಿ. ಬರೋಕೆ ಹೇಳಿ." ಇಲ್ಲಿನ ಮಳೆ ನಿನಗೆ ಗೊತ್ತು. ಅವಳ ಹಟವೂ ಗೊತ್ತು.

ಯುಗಾದಿಯ ಹಾಲಿನಲ್ಲಿ ಡೇರೆಯ ಬಾಗಿಲು ಇರುವುದಿಲ್ಲ, ತಮಟೆ ಇರುವುದಿಲ್ಲ. ಬೇರೆಯವರು ಬರುವ ಮುಂಚೆಯೇ ಬಂದು ನಿನ್ನ ಕುರ್ಚಿಯಲ್ಲಿ ಕೂರಬಹುದು. ಮೈಕು ಒಂದೇ, ಅದು ನಿನ್ನದು. ನಾನು ಬರಿಗಂಟಲಲ್ಲಿ ಕಿರುಚಿ ಸೋಲುತ್ತೇನೆ. ಬರಲು ಮನಸ್ಸಿಲ್ಲದಿದ್ದರೆ ಏಪ್ರಿಲ್ ಐದಕ್ಕೆ ನಾನೂ ಹೋಗುವುದಿಲ್ಲ, ಮೊದಲನೆಯ ಸಂಪುಟ ಹಿಡಿದು ನಿನ್ನ ಮನೆ ಬಾಗಿಲಲ್ಲಿ ನಿಲ್ಲುತ್ತೇನೆ. ಒಳಗೆ ಕರೆಯುವುದು ಬಿಡುವುದು ನಿನ್ನಿಷ್ಟ.

ಇಷ್ಟಕ್ಕೇ ಸಹಿ ಹಾಕಿದ್ದರೆ ಮರ್ಯಾದೆ ಸ್ವಲ್ಪ ಉಳಿಯುತ್ತಿತ್ತು. ಆದರೆ ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ ಅಂತ ಜನವರಿಯಲ್ಲಿ ಬರೆದುಕೊಟ್ಟಿದ್ದೇನಲ್ಲ.

ದೀಪಾವಳಿಯಾದ ಮುಂದಿನ ವಾರ ಹೊಸ ಇಂಟರ್ನ್‌ಗಳಿಗೆ ನನ್ನ ಪಾಠವಿತ್ತು. ವಿಷಯ, ಪಾರ್ಕಿನ್ಸನ್ಸ್‌ನವರ ನಡಿಗೆ. ಬಾಗಿಲಲ್ಲಿ ಕಾಲು ನಿಲ್ಲುವುದನ್ನು ನಾನೇ ನಟಿಸಿ ತೋರಿಸಿದೆ. ಚೆನ್ನಾಗಿಯೇ ತೋರಿಸಿದೆ, ಚಪ್ಪಾಳೆ ಬಿತ್ತು. ಆಮೇಲೆ, ಬಾಗಿಲಲ್ಲಿ ನಿಂತವರೆಲ್ಲ ರೋಗಿಗಳಲ್ಲ, ಕಾಯಿಲೆ ಬೇರೆ ಕೊಬ್ಬು ಬೇರೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಟ್ಟೆ. ನಿನ್ನದು. ಹೆಸರು ಹೇಳಲಿಲ್ಲ. ಹೊಸ್ತಿಲು, ಡಬ್ಬಿ, ದಿಟ್ಟಿಸಿದ ಕಣ್ಣು, ಎಲ್ಲ ವರ್ಣಿಸಿದೆ. ಹಿಂದಿನ ಸಾಲಿನ ಹುಡುಗಿ ಕೈ ಎತ್ತಿ, ಆ ನಿಮ್ಮ ಸ್ನೇಹಿತರನ್ನು ಯಾರಾದರೂ ಪರೀಕ್ಷೆ ಮಾಡಿದ್ದಾರಾ ಡಾಕ್ಟರ್ ಅಂತ ಕೇಳಿದಳು.

"ಬೇಕಾಗಿಲ್ಲ," ಅಂದೆ, "ನಾನೇ ನೋಡಿದ್ದೇನೆ. ಅವನಿಗೇನೂ ಆಗಿಲ್ಲ, ಹಿ ಈಸ್ ಗ್ರ್ಯಾಂಡ್."

ಎಲ್ಲರೂ ಬರೆದುಕೊಂಡರು.

ಬಾಗಿಲು ತೆರೆದಿಟ್ಟಿರುವ,
ಭಾಸ್ಕರ